ಕೇಳದೆ ಕೊಯ್ದ ಅಮೃತಬಳ್ಳಿ

ಗಿಡಬಳ್ಳಿಗೆ ಕಿವಿ ಇದೆ ಎಂದರೆ ನಾನು ನಗುತ್ತಿದ್ದೆ. ಅಮೃತಬಳ್ಳಿ ಕೊಯ್ಯುವ ಹಿಂದಿನ ಸಂಜೆ ನನ್ನ ಅಮ್ಮ ಅದರ ಬುಡದಲ್ಲಿ ನಿಂತು, ನಾಳೆ ಇಂಥವರಿಗೆ ಬೇಕು, ಕೊಡು ಎಂದು ಕೇಳುತ್ತಿದ್ದಳು. ಜ್ವರವೇನು ಹಿಂದಿನ ದಿನ ಹೇಳಿ ಬರುತ್ತದೆಯೇ? ನಾನು ಎಂದೂ ಕೇಳಿದವಳಲ್ಲ.

ಹದಿಮೂರು ವರ್ಷದ ಹಿಂದಿನ ಮಾತು. ಡೊಂಬಿವಲಿಯಲ್ಲಿ ಮೂರನೇ ಮಾಳಿಗೆಯ ಮನೆ. ಮಗ, ಸೊಸೆ ಇಬ್ಬರೂ ಲೋಕಲ್ ರೈಲು ಹಿಡಿದು ಠಾಣೆಗೆ ಕೆಲಸಕ್ಕೆ ಹೋದರೆ ಎರಡೂವರೆ ವರ್ಷದ ಮೊಮ್ಮಗನಿಗೆ ನಾನೊಬ್ಬಳೇ. ನನಗೆ ಮರೆವು ಹೆಚ್ಚಾಗಿದೆ, ಮಗುವನ್ನು ದುಡ್ಡು ಕೊಟ್ಟು ಹಗಲು ನೋಡಿಕೊಳ್ಳುವ ಪಾಳಣಾಘರಕ್ಕೆ ಬಿಡೋಣ ಎಂದು ಅವರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು.

ಆ ಮಧ್ಯಾಹ್ನ ಮಗುವಿಗೆ ಮೈ ಸುಡುವ ಜ್ವರ. ಸೊಸೆಗೆ ಫೋನ್ ಮಾಡಿ, ಗ್ಯಾಸಿನ ಮೇಲೆ ನೀರಿಟ್ಟು, ಬಾಲ್ಕನಿಯ ಗ್ರಿಲ್ಲಿಗೆ ಹಬ್ಬಿದ್ದ ಬಳ್ಳಿಯಿಂದ ಒಂದು ಗೇಣು ಕೊಯ್ದೆ. ತಿರುಗಿದರೆ ಬಾಗಿಲು ಮುಚ್ಚಿದೆ. ತಳ್ಳಿದೆ, ಗುದ್ದಿದೆ. ಅಲುಗಲಿಲ್ಲ.

ಮೂರು ಕಡೆ ಕಬ್ಬಿಣ, ಹಿಂದೆ ಬಾಗಿಲು. ಕೂಗಿದರೆ ರೈಲಿನ ಸದ್ದು ನುಂಗುತ್ತಿತ್ತು. ಎದುರು ಬಿಲ್ಡಿಂಗಿನ ಮರಾಠಿ ಅಜ್ಜಿಗೆ ಕೈ ಬೀಸಿದೆ. ಆಕೆ ಊಟ ಆಯಿತೇ ಎಂದು ಸನ್ನೆ ಮಾಡಿ, ತಾನೂ ಕೈ ಬೀಸಿ ಒಳಗೆ ಹೋದಳು. ಒಳಗೆ ಮಗು ಅಳುತ್ತಿತ್ತು, ಗ್ಯಾಸ್ ಉರಿಯುತ್ತಿತ್ತು. ಆಮೇಲೆ ಅಳು ಥಟ್ಟನೆ ನಿಂತಿತು. ಅಳುವಾಗ ಇಲ್ಲದ ಹೆದರಿಕೆ ಆಗ ಬಂತು.

ಎರಡು ಗಂಟೆ ಕಳೆದ ಮೇಲೆ ಸೊಸೆ ತನ್ನ ಕೀಲಿಯಿಂದ ಮನೆಯೊಳಗೆ ಬಂದು ಬಾಲ್ಕನಿಯ ಬಾಗಿಲು ತೆಗೆದಳು.

"ಎಂತ ಅತ್ತೆ, ಹೊರಗೆ ನಿಂತು ಒಳಗಿನ ಚಿಲಕ ಹಾಕಿದ್ದು ಹೇಗೆ?"

ಅದು ತಲೆಗಿಂತ ಮೇಲಿನ ಚಿಲಕ. ಯಾರಾದರೂ ಕೈಯಿಂದ ತಳ್ಳದೆ ತಾನಾಗಿ ಬೀಳುವಂಥದ್ದಲ್ಲ.

"ಹಳೇ ಬಾಗಿಲು, ಎಲ್ಲ ಸಡಿಲ" ಎಂದು ಅಡುಗೆಮನೆಗೆ ಓಡಿದೆ. ಗ್ಯಾಸ್ ಬಂದ್ ಆಗಿತ್ತು. ಬರೀ ನೀರಿಟ್ಟಿದ್ದ ಪಾತ್ರೆಯಲ್ಲಿ ಕಷಾಯ, ಕಾಲು ಭಾಗಕ್ಕೆ ಇಳಿದದ್ದು. ಪಕ್ಕದಲ್ಲಿ ತೊಳೆಯದ ಚಮಚ.

ಸೊಸೆ ಮಗುವಿನ ಬಾಯಿ ಮೂಸಿದಳು. "ಕಷಾಯ ಕುಡಿಸಿದ್ದು ಒಳ್ಳೆದಾಯ್ತು ಅತ್ತೆ. ಬೆವರಿದ್ದಾನೆ ನೋಡಿ, ಜ್ವರ ಬಿಟ್ಟಿದೆ."

"ಹೂಂ" ಅಂದೆ. ಇಲ್ಲ ಅಂದಿದ್ದರೆ ಮರುದಿನವೇ ಮಗು ಪಾಳಣಾಘರದಲ್ಲಿ. ಕೊಯ್ದ ಬಳ್ಳಿ ಇನ್ನೂ ಹಾಗೇ ಮುಷ್ಟಿಯಲ್ಲಿತ್ತು. ಸೆರಗಿನಲ್ಲಿ ಮುಚ್ಚಿಕೊಂಡೆ.

ಮುದುಕಿಯ ಮರೆವು ಅನ್ನುತ್ತೀರಿ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಆ ಚಿಲಕ ಹಾಗೆ ಅಂದುಕೊಳ್ಳಲು ಬಿಡಲಿಲ್ಲ. ಮರುದಿನ ಬೆಳಗ್ಗೆ ಯಾರೂ ಇಲ್ಲದಾಗ ಮಗುವನ್ನು ಕೇಳಿದೆ, "ನಿನ್ನೆ ಕಹಿ ಔಷಧ ಕೊಟ್ಟದ್ದು ಯಾರು ಪುಟ್ಟ?"

"ಅಜ್ಜಿ" ಅಂದ.

ಈಗ ಅವನಿಗೆ ಮೀಸೆ ಬರುತ್ತಿದೆ. ಬಳ್ಳಿಯನ್ನು ಹಿಂದಿನ ಸಂಜೆಯೇ ಕೇಳಿ ಕೊಯ್ಯುತ್ತೇನೆ. ಯಾವ ಅಜ್ಜಿ ಎಂದು ಅವನನ್ನು ಮಾತ್ರ ಇನ್ನೂ ಕೇಳಿಲ್ಲ.