ಮೈಲೇಜಿಗೆ ಭಾರವಾದ ರಾಗಿ ಮೂಟೆ

ನಮ್ಮ ಯಜಮಾನರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಮೈಲೇಜಿನ ಹುಚ್ಚು ಒಂದೇ. ಇಷ್ಟು ಕೇಳಿದರೆ ಸಾಕು, ನಮ್ಮೂರು ಮಾಂಬಳ್ಳಿಯ ಹೆಂಗಸರು ನನ್ನನ್ನು ಪುಣ್ಯವಂತೆ ಅನ್ನುತ್ತಾರೆ. ಬೇಕಾದವರು ಆ ಪುಣ್ಯವನ್ನು ಒಂದು ವಾರ ತಮ್ಮ ಮನೆಗೆ ಒಯ್ದು ನೋಡಲಿ.

ಅವರು ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಗುಮಾಸ್ತರು. ಜತೆಯಲ್ಲಿ ಕೆಲಸ ಮಾಡುವವರೊಬ್ಬರಿಂದ ಹಳೆಯ ಚಿಕ್ಕ ಕಾರೊಂದನ್ನು ಕೊಂಡು ತಂದರು. ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಓಡುತ್ತಿತ್ತು. "ಇದ್ನ ಇಪ್ಪತ್ತಕ್ಕೆ ತತ್ತೀನಿ, ನೋಡ್ತಾ ಇರು" ಅಂದರು. ನಾನು ನೋಡುತ್ತಾ ಇದ್ದೆ.

ಮೊದಮೊದಲು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿದರು, ಪ್ಲಗ್ ಬದಲಾಯಿಸಿದರು, ಚಕ್ರಗಳಿಗೆ ವಾರವಾರವೂ ಗಾಳಿ ಹಿಡಿಸಿದರು. ಆಮೇಲೆ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಭಾರದ ಹಿಂದೆ ಬಿದ್ದರು. ಒಂದೊಂದು ಕೆಜಿಯೂ ಪೆಟ್ರೋಲು ಕುಡಿಯುತ್ತದಂತೆ. ಮೇಲಿನ ಕ್ಯಾರಿಯರ್ ಹೋಯಿತು, ಸ್ಟೆಪ್ನಿ ಹೋಯಿತು, ಜಾಕ್ ಹೋಯಿತು, ಏಸಿ ಹೋಯಿತು. ಗಾಳಿ ತಡೆಯದೆ ಜಾರಿಹೋಗಲಿ ಎಂದು ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ಕಾರಿನ ಹೊಟ್ಟೆಗೆ ಬಿಗಿದರು. ಕೈ ಮುಗಿದು ನಗುವ ಮುಖಂಡರೊಬ್ಬರು ರಸ್ತೆಗೆ ಮುಖ ಹಾಕಿಕೊಂಡು ನಮ್ಮ ಜತೆ ಊರೂರು ಸುತ್ತಿದರು.

ಕೊನೆಗೆ ಹಿಂದಿನ ಸೀಟಿನ ಸರದಿ. ಕೋಳಿ ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಒಂದು ಭಾನುವಾರ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಸೀಟು ಅಂಗಳದಲ್ಲಿತ್ತು. "ಮಗ್ಳು ಹಾಸ್ಟೆಲ್‌ನಲ್ಲವ್ಳೆ. ಇರಾದು ನಾವಿಬ್ರು. ನಾಕು ಜನದ ಸೀಟ್ಯಾಕೆ?" ಅಂದರು. ಸೀಟು ಹಿತ್ತಲ ಕೊಟ್ಟಿಗೆ ಸೇರಿ ಬೆಕ್ಕಿನ ಹಾಸಿಗೆಯಾಯಿತು.

ನನ್ನ ತವರು ಹನೂರು ದಾಟಿ ಕೌದಳ್ಳಿಯ ಹತ್ತಿರ. ಅವ್ವ ಅಣ್ಣನ ಮನೆಯಲ್ಲಿದ್ದಾಳೆ, ಆದರೆ ರಾಗಿ ಹೊಲ ಅವಳದೇ ಕೈಯಲ್ಲಿತ್ತು. ಮಗಳು ತವರಿನಿಂದ ಬರಿಮಡಿಲಲ್ಲಿ ಹೊರಡುವಂತಿಲ್ಲ. ಹೊರಡುವ ದಿನ ಸೆರಗಿಗೆ ಮಡಿಲಕ್ಕಿ, ಜಗುಲಿಯ ಮೇಲೆ ಬಾಯಿ ಕಟ್ಟಿದ ರಾಗಿ ಮೂಟೆ. ಮದುವೆಯಾದಾಗಿನಿಂದ ಹಾಗೇ ನಡೆದಿತ್ತು. ಆ ರಾಗಿಯನ್ನು ಅವ್ವ ತಾನೇ ಕೇರಿ, ಕಲ್ಲು ಆರಿಸಿ ಇಟ್ಟಿರುತ್ತಿದ್ದಳು.

ಸೀಟು ತೆಗೆದ ಮೇಲೆ ಮೊದಲ ಸಲ ಹೋದಾಗ ಯಜಮಾನರು ಮೂಟೆಯನ್ನು ಎತ್ತಿ ನೋಡಿ, ಮುಖ ಸಿಂಡರಿಸಿ, "ಅರ್ಧ ಸಾಕು ಅತ್ತೆ" ಅಂದರು. ಅವ್ವ ಮೂಟೆಯ ಬಾಯಿ ಬಿಚ್ಚಿ ಅರ್ಧ ರಾಗಿಯನ್ನು ವಾಪಸ್ಸು ಸುರಿದಳು. ಎರಡನೇ ಸಲ ಅರ್ಧವೂ ಹೆಚ್ಚಾಯಿತು. ದಾರಿಯುದ್ದಕ್ಕೂ ಸಿಡಿಮಿಡಿ. ಏರು ಬಂದಾಗಲೆಲ್ಲ ಮೂಟೆಯ ಕಡೆ ತಿರುಗಿ ನೋಡುವುದು, ಇಳಿಜಾರು ಬಂದರೆ ನ್ಯೂಟ್ರಲ್ ಮಾಡಿ ಉಸಿರು ಬಿಡುವುದು. ಕೇಳಿ ಕೇಳಿ ನನಗೆ ಸಾಕಾಗಿತ್ತು.

ಮೂರನೇ ಸಲ ಅವರು ಬಾಯಿ ತೆರೆಯುವ ಮೊದಲೇ ನಾನೇ ಅಂದೆ. "ಬ್ಯಾಡ ಕಣವ್ವ. ಕಾರ್ಗೆ ಭಾರ ಆಯ್ತದೆ."

ಅವ್ವ ಅಳಿಯನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. "ಆಯ್ತು ಬುಡವ್ವ" ಅಂದಳು. ಸೆರಗಿಗೆ ಅಕ್ಕಿ ಹಾಕುವಾಗ ಅದರಲ್ಲೂ ಒಂದು ಹಿಡಿ ಕಡಿಮೆ ಹಾಕಿದಳು.

ಕೊಳ್ಳೇಗಾಲದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ ಯಜಮಾನರು, "ಇಪ್ಪತ್ತೊಂದು ಬಂತು ಕಣೇ!" ಎಂದು ಕುಣಿದರು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಎಂಟು ದಿನ ಕಳೆದಿರಬೇಕು. ಅಮಾವಾಸ್ಯೆಯ ಮಾರನೆಯ ದಿನ, ಮಧ್ಯಾಹ್ನ. ನಾಯಿ ಬೊಗಳಿತೆಂದು ಹೊರಗೆ ಬಂದರೆ ಬಾಗಿಲಲ್ಲಿ ಅವ್ವ. ತಲೆಯ ಮೇಲೆ ಮೂಟೆ. ಅರ್ಧದ್ದಲ್ಲ, ಪೂರ್ತಿ ಮೂಟೆ. ಅಮಾವಾಸ್ಯೆ ಪೂಜೆ ಮುಗಿಸಿದ ಜನ ತುಂಬಿಕೊಂಡು ಬೆಟ್ಟದಿಂದ ಇಳಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಹನೂರಿನವರೆಗೆ ಮೂಟೆಗೆ ಮೊಣಕಾಲು ಕೊಟ್ಟು ನಿಂತೇ ಬಂದಿದ್ದಳು. ಅಲ್ಲಿ ಇಳಿಸಿ ಇನ್ನೊಂದು ಬಸ್ಸಿಗೆ, ಕೊಳ್ಳೇಗಾಲದಲ್ಲಿ ಇಳಿಸಿ ಮತ್ತೊಂದಕ್ಕೆ.

"ಅಣ್ಣನ್ನಾರ ಕರ್ಕಂಡು ಬರಬಾರ್ದಾಗಿತ್ತೇನವ್ವ?" ಎಂದು ಕೂಗಾಡಿದೆ.

"ಬತ್ತೀನಿ ಅಂದ, ನಾನೇ ಬ್ಯಾಡ ಅಂದೆ. ಕಾರ್ಗೆ ಭಾರ ಅಂದ್ಯಲ್ಲವ್ವ. ಬಸ್ಗೆ ಭಾರ ಆಗಾಕಿಲ್ಲ. ಹೆಂಗಸ್ರಿಗೆ ಟಿಕೀಟೂ ಇಲ್ಲ" ಅಂದಳು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ಮಾರನೆಯ ಬೆಳಿಗ್ಗೆ ಅವಳು ಚಾಪೆಯಿಂದ ಏಳಲಿಲ್ಲ. ಸೊಂಟದ ಮೂಳೆ ಜರುಗಿದೆ, ಇನ್ನು ಭಾರ ಎತ್ತುವ ಮಾತೇ ಇಲ್ಲ ಎಂದರು ಕೊಳ್ಳೇಗಾಲದ ಡಾಕ್ಟರು. ಆ ಮಾತನ್ನು ಹತ್ತು ದಿನ ಮೊದಲು ನಾವು ಕಾರಿಗೆ ಹೇಳಿದ್ದೆವು.

ಆವತ್ತೇ ಸಂಜೆ ಯಜಮಾನರು ಕೊಟ್ಟಿಗೆಗೆ ಹೋಗಿ, ಸೀಟಿನ ಮೇಲಿದ್ದ ಬೆಕ್ಕನ್ನು ಓಡಿಸಿ, ಕೂದಲು ಕೊಡವಿ, ಅದನ್ನು ಮತ್ತೆ ಕಾರಿಗೆ ಕೂರಿಸಿ ಬೋಲ್ಟು ಬಿಗಿದರು. ನಾನು ಅವರಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಇವತ್ತಿಗೂ ಆಡಿಲ್ಲ. ಅವರನ್ನು ಬೈಯುವುದು ಸುಲಭ, ಆದರೆ ಅವ್ವನಿಗೆ 'ಭಾರ' ಅಂದದ್ದು ನನ್ನ ಬಾಯಿ.

ಮಗಳ ಮನೆಯಲ್ಲಿ ಬಿದ್ದುಕೊಳ್ಳಲು ಅವ್ವ ಒಪ್ಪಲಿಲ್ಲ. ವಾರಕ್ಕೇ ಕೌದಳ್ಳಿಗೆ ಬಿಟ್ಟು ಬಂದೆವು. ಹೊಲ ಅಣ್ಣನ ಪಾಲಿಗೆ ಹೋಯಿತು. ಅವ್ವ ಊಟ ಬಿಟ್ಟಳು. ಬಲವಂತ ಮಾಡಿದರೆ ಎರಡು ತುತ್ತು. ಅವಳು ಹೊತ್ತು ತಂದ ರಾಗಿ ನಮಗೆ ಬಹಳ ದಿನ ಬಂತು. ಮುದ್ದೆ ತೊಳಸುವಾಗಲೆಲ್ಲ ನನಗೆ ಅಳು ಬರುತ್ತಿತ್ತು, ಆದರೂ ಚೆಲ್ಲಲಿಲ್ಲ, ತಿಂದೆವು.

ಈಗ ಹದಿನೈದು ದಿನಕ್ಕೊಮ್ಮೆ ಅವ್ವನನ್ನು ಕೌದಳ್ಳಿಯಿಂದ ಕೊಳ್ಳೇಗಾಲಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿ ಬಿಟ್ಟು ಬರುತ್ತೇವೆ. ಹಿಂದಿನ ಸೀಟಿನಲ್ಲಿ ಮುದುರಿ ಮಲಗುತ್ತಾಳೆ. ಪ್ರತಿಸಲವೂ ಹತ್ತಿಸುವಾಗ, "ಭಾರ ಆಯ್ತೀನೇನೋ ಕಣವ್ವ" ಅನ್ನುತ್ತಾಳೆ.

ಹೋದ ಸಲ ಅವಳನ್ನು ಬಿಟ್ಟು ಬರುವಾಗ ಯಜಮಾನರು ಎಂದಿನಂತೆ ಬಂಕಿನಲ್ಲಿ ಕಾರು ನಿಲ್ಲಿಸಿ ಟ್ಯಾಂಕ್ ತುಂಬಿಸಿದರು. ಫೋನಿನಲ್ಲಿ ಲೆಕ್ಕ ಹಾಕಿದರು. ಹುಟ್ಟುಗುಣ, ಬಿಡುವುದಿಲ್ಲ. ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದೇ ಹೇಳಿದರೋ ಏನೋ.

"ಅತ್ತೆ ಕೂತ್ರೂ ಅಷ್ಟೇ ಮೈಲೇಜು ಬತ್ತದೆ ಕಣೇ, ಕೂರ್ದಿದ್ರೂ ಅಷ್ಟೇ ಬತ್ತದೆ."

ಅಂದವರು ಫೋನನ್ನು ಜೇಬಿಗೆ ಹಾಕಿಕೊಂಡರು. ನಾನು ತಿರುಗಿ ಹಿಂದಿನ ಸೀಟು ನೋಡಿದೆ. ಅವ್ವ ಅಷ್ಟು ದೂರ ಮಲಗಿ ಬಂದ ಜಾಗ ಒಂದು ಚೂರೂ ತಗ್ಗಾಗಿರಲಿಲ್ಲ.