ಅತ್ತೆ ರಾಜೀನಾಮೆ ಕೊಟ್ಟ ವರ್ಷ

ನಮ್ಮ ಮನೆತನದಲ್ಲಿ ಎಂ.ಎ. ಮಾಡಿದವಳು ಅತ್ತೆ ಒಬ್ಬಳೇ. ಅತ್ತೆ ಎಂದರೆ ಅಪ್ಪನ ತಂಗಿ. ಧಾರವಾಡದಲ್ಲಿ ಇತಿಹಾಸ ಓದಿ, ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ಅವಳು ನಮ್ಮ ಮನೆಗೆ ಬಂದಾಗ ನಾನು ಬಾಲವಾಡಿಗೆ ಹೋಗುವ ಹುಡುಗಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ನಮ್ಮದು ಎರಡೇ ಕೋಣೆ. ಅಂಗಳದಲ್ಲಿ ಎಲ್ಲ ಬಿಡಾರದವರಿಗೂ ಸೇರಿ ಒಂದೇ ನಲ್ಲಿ. ಅಡುಗೆಮನೆಯ ಒಲೆ ಆರಿದ ಮೇಲೆ ಅಲ್ಲೇ ಅತ್ತೆಗೂ ನನಗೂ ಹಾಸಿಗೆ.

ಅಪ್ಪ ಭೋಸರಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ. ಅಜ್ಜ ತೀರಿಕೊಂಡಾಗ ಅಪ್ಪ ಇಂಟರ್ ಓದುತ್ತಿದ್ದನಂತೆ. ಅರ್ಧಕ್ಕೆ ಬಿಟ್ಟು ಪುಣೆಗೆ ಬಂದು ಕೆಲಸಕ್ಕೆ ಸೇರಿದ. ಊರಿನಲ್ಲಿದ್ದ ತಂಗಿಯ ಓದು ಮಾತ್ರ ನಿಲ್ಲಬಾರದೆಂದು ಹಟ ಹಿಡಿದ. ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲೇ, "ಇಕಿ ನನ್ನ ತಂಗಿ, ಎಂ.ಎ. ಆಗ್ಯಾಳ" ಎನ್ನುತ್ತಿದ್ದ. ವಾಡೆಯ ಮರಾಠಿ ನೆರೆಯವರಿಗೂ ಅದನ್ನೇ ಮರಾಠಿಯಲ್ಲಿ ಹೇಳುತ್ತಿದ್ದ. ನಾನು ಗಣಿತದಲ್ಲಿ ಕಡಿಮೆ ತಂದ ದಿನ ಅವ್ವ ಬೈದರೆ, ಅಪ್ಪ ಅತ್ತೆಯ ಕಡೆ ಕೈ ಮಾಡಿ ತೋರಿಸುತ್ತಿದ್ದ, ಅಷ್ಟೇ. ಅವಳು ಆ ಹೊತ್ತಿನಲ್ಲಿ ಬಹುಶಃ ಕೊತ್ತಂಬರಿ ಸೋಸುತ್ತ ಕುಳಿತಿರುತ್ತಿದ್ದಳು.

ಕಚೇರಿಯಲ್ಲಿ ಅತ್ತೆಯ ಕೆಲಸ ನಕಲು ತಾಳೆ ನೋಡುವುದು. ಟೈಪಾಗಿ ಬಂದ ಕಾಗದ ಒಬ್ಬರ ಕೈಯಲ್ಲಿ, ಮೂಲ ಇನ್ನೊಬ್ಬರ ಕೈಯಲ್ಲಿ. ಇಬ್ಬರೂ ಎದುರುಬದುರು ಕೂತು, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಣ್ಣಾಡಿಸಬೇಕು. ಕಾಮಾ ಬಂದಲ್ಲಿ ಕಾಮಾ, ಫುಲ್‌ಸ್ಟಾಪ್ ಬಂದಲ್ಲಿ ಫುಲ್‌ಸ್ಟಾಪ್ ಎಂದು ಬಾಯಿಬಿಟ್ಟು ಹೇಳಬೇಕು. ಆ ರೂಢಿ ಅವಳ ನಾಲಿಗೆಗೆ ಎಷ್ಟು ಹತ್ತಿಬಿಟ್ಟಿತ್ತೆಂದರೆ, ನನ್ನ ಪಾಠದ ಪುಸ್ತಕದಿಂದ ಕತೆ ಓದುವಾಗಲೂ, "ಒಂದು ಊರಿನಲ್ಲಿ ಕಾಮಾ ಒಬ್ಬ ರಾಜನಿದ್ದನು ಫುಲ್‌ಸ್ಟಾಪ್" ಎಂದೇ ಓದುತ್ತಿದ್ದಳು. ನಾನು ನಕ್ಕು ಹೊರಳಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಮದುವೆಯ ಮಾತು ಎರಡು ಮೂರು ಕಡೆ ನಡೆದು ಯಾಕೋ ಕೂಡಿಬರಲಿಲ್ಲ. ಅದರ ಬಗ್ಗೆ ಅವಳು ದುಃಖಪಟ್ಟದ್ದನ್ನು ನಾನು ನೋಡಿಲ್ಲ. ಕಚೇರಿಯ ಬಗ್ಗೆ ದೂರಿದ್ದನ್ನೂ ಕೇಳಿಲ್ಲ. ಮುಂಜಾನೆ ತಲೆಗೂದಲಿಗೆ ನೀರು ಹಚ್ಚಿ ಬಿಗಿಯಾಗಿ ಬಾಚಿ, ಡಬ್ಬಿ ಹಿಡಿದು ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ನನ್ನ ಇಡೀ ಬಾಲ್ಯದಲ್ಲಿ ಅದು ತಪ್ಪಲಿಲ್ಲ.

ಎಂಬತ್ತರ ಆಚೀಚೆ ನಾವು ಪುಣೆಯ ಅಂಚಿನ ಕೋಥರೂಡಕ್ಕೆ ಹೋದೆವು. ಈಗಿನ ಕೋಥರೂಡ ನೋಡಿದವರಿಗೆ ಆಗಿನದನ್ನು ಹೇಗೆ ಹೇಳಲಿ? ಅರ್ಧ ಕಟ್ಟಿದ ಹೌಸಿಂಗ್ ಸೊಸೈಟಿಗಳು, ನಡುನಡುವೆ ಜಾಲಿ ಗಿಡದ ಬಯಲು, ಸಂಜೆಯಾದರೆ ಗುಡ್ಡದ ಕಡೆಯಿಂದ ತಣ್ಣನೆ ಗಾಳಿ. ಸ್ವಂತ ನಲ್ಲಿ ಬಂತೆಂದು ಅವ್ವ ಮೊದಲ ವಾರವೆಲ್ಲ ಸುಮ್ಮಸುಮ್ಮನೆ ಕೈ ತೊಳೆಯುತ್ತಿದ್ದಳು. ಆದರೆ ಬಸ್ಸುಗಳು ಕಡಿಮೆ. ಬಂದರೂ ಜನ ಬಾಗಿಲಲ್ಲಿ ಜೋತಾಡುತ್ತಿದ್ದರು. ಕಚೇರಿಗೆ ತಡವಾಗಿ ತಡವಾಗಿ ಬೇಸತ್ತು ಅತ್ತೆ ಒಂದು ಮೊಪೆಡ್ ಕೊಂಡಳು. ಅಂಗಡಿಯ ಮೆಕ್ಯಾನಿಕ್ ಒಂದು ಸಂಜೆ ತೋರಿಸಿಕೊಟ್ಟದ್ದೇ ಪಾಠ. ಮರುದಿನ ಜಾಲಿ ಗಿಡಕ್ಕೆ ನುಗ್ಗಿ ಮುಂಗೈಯೆಲ್ಲ ತರಚಿಕೊಂಡು ಬಂದಳು. ಮುಖ ಮಾತ್ರ ಅರಳಿತ್ತು.

"ಹೆಂಗನಿಸ್ತದ ಗೊತ್ತದೇನ?" ಎಂದು ಅವ್ವನಿಗೆ ಹೇಳಿದಳು. "ಯಾರೂ ನನ್ನ ಒಯ್ಯಾಕತ್ತಿಲ್ಲ ವೈನಿ. ನಾನಽ ಹೊಂಟೀನಿ."

ಸೊಸೈಟಿಯ ಹೆಂಗಸರು ನೋಡಿದರು. ಮೊದಲು ಎರಡನೇ ಮಹಡಿಯ ಶಿಕ್ಷಕಿಯೊಬ್ಬರು, ಆಮೇಲೆ ಅವರ ನಾದಿನಿ, ಆಮೇಲೆ ಪಕ್ಕದ ಸೊಸೈಟಿಯವರು, ನಮಗೂ ಕಲಿಸಿ ಎಂದು ಬಂದರು. ಗಂಡಂದಿರು ಕಲಿಸಿದರೆ ಬೈಯುತ್ತಾರೆಂಬುದು ಎಲ್ಲರ ದೂರು. ಭಾನುವಾರ ಮುಂಜಾನೆ ಬಯಲಿನಲ್ಲಿ ಅತ್ತೆಯ ಶಾಲೆ ಶುರುವಾಯಿತು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಅವಳು ಮೊಪೆಡ್ಡಿನ ಹಿಂದೆ ಓಡುವಳು. ಮುಂದೆ ಕೂತವರು, "ಅಹೋ ಬಾಈ, ಸೋಡೂ ನಕಾ!" ಬಿಡಬೇಡಿ, ಬಿಡಬೇಡಿ ಎಂದು ಮರಾಠಿಯಲ್ಲಿ ಚೀರುವರು. ಅತ್ತೆ ಯಾವಾಗಲೋ ಕೈಬಿಟ್ಟು ನಿಂತಿರುವಳು. ಅದು ಗೊತ್ತಾದ ಕ್ಷಣ ಅವರು ಹಾಕುವ ಕೂಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅತ್ತೆಗೆ ಬಡ್ತಿಯ ಸುದ್ದಿ ಬಂತು. ಅಪ್ಪನಿಗೆ ಆ ಸಂಜೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪೇಢೆ ತಂದು, ದೇವರ ಮುಂದಿಟ್ಟು, ಸೊಸೈಟಿಯ ಒಂದೊಂದು ಬಾಗಿಲಿಗೂ ತಾನೇ ಹೋಗಿ ಹಂಚಿ ಬಂದ. ಮರುದಿನ ಅತ್ತೆ ಕಚೇರಿಯಿಂದ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತಳು.

"ಅಣ್ಣಾ, ನೌಕರಿ ಬಿಟ್ಟೆ" ಎಂದಳು.

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. "ಹಳೇ ಜಾಗಾ ಬಿಟ್ಟೀ. ಅದು ಗೊತ್ತದ, ಹೊಸಾದು ಯಾವಾಗಿಂದ?"

"ಹೊಸಾದೂ ಇಲ್ಲ. ರಾಜೀನಾಮೆ ಕೊಟ್ಟೆ. ಇಷ್ಟ ವರ್ಷ ನಕಲು ನೋಡಿದೆ. ಇನ್ನ ನಕಲು ನೋಡೋರನ್ನ ನೋಡಬೇಕಂತ. ಅದನ್ನ ಸಾಹೇಬ್ರು ಹೇಳೂಮುಂದ ನನಗ ನಗು ಬಂದುಬಿಡ್ತು. ಆಮ್ಯಾಲೆ ಅಳು ಬಂತು. ಇನ್ನ ಆಗೂದಿಲ್ಲಣ್ಣ ನನ್ನ ಕಡಿಂದ."

"ಮತ್ತೇನ ಮಾಡತೀ?"

"ಗಾಡಿ ಕಲಸತೀನಿ. ವಾರಾ ಪೂರ್ತಿ."

ಪೇಢೆಯ ಖಾಲಿ ಪೆಟ್ಟಿಗೆ ಇನ್ನೂ ಮೇಜಿನ ಮೇಲೇ ಇತ್ತು. ಅಪ್ಪ ಅದನ್ನು ಎತ್ತಿ ಮಡಚಿದ, ಮತ್ತೆ ಬಿಡಿಸಿದ. "ನಾ ಕಾಲೇಜ ಬಿಟ್ಟಿದ್ದೆ" ಎಂದ ಕೊನೆಗೆ. ದನಿ ಏರಿರಲಿಲ್ಲ. "ನಿನಗಂತ ಬಿಟ್ಟಿದ್ದೆ." ಎದ್ದು ಒಳಗೆ ಹೋದ. ಆ ದಿನದಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಉಪ್ಪು ಬೇಕಿದ್ದರೂ ಅವ್ವನ ಮೂಲಕ.

ಆ ವರ್ಷ ನನಗೂ ಕಾಲೇಜು ಬೇಡವಾಗಿತ್ತು. ಮುಂಜಾನೆಯ ತರಗತಿ, ನೂರಾರು ಹುಡುಗ ಹುಡುಗಿಯರು, ಹಾಳೆ ತಿರುಗಿಸುತ್ತ ನೋಟ್ಸ್ ಬರೆಸುವ ಪ್ರಾಧ್ಯಾಪಕರು. ನಾನು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ, ಇದು ಮುಗಿದ ಮೇಲೆ ಇಂಥದೇ ಒಂದು ಕೋಣೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೂರಬೇಕಲ್ಲ ಎಂದುಕೊಳ್ಳುತ್ತಿದ್ದೆ. ನಮ್ಮ ಮನೆಯ ಎಂ.ಎ.ಯೇ ಅದನ್ನು ಒದ್ದು ಬಂದ ಮೇಲೆ ನನಗೇಕೆ ಬೇಕು? ಒಂದು ದಿನ ಬಟ್ಟೆ ಒಣಹಾಕುವಾಗ ಅತ್ತೆಗೆ ಹೇಳಿದೆ. "ಅತ್ಯಾ, ನಾನೂ ಬಿಡತೀನಿ. ನಿನ್ನ ಜೋಡಿ ಗಾಡಿ ಕಲಸತೀನಿ."

ಅವಳು ಬೇಡ ಎನ್ನುತ್ತಾಳೆ, ಇಲ್ಲವೇ ಬೆನ್ನು ತಟ್ಟುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಒದ್ದೆ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟು, "ಸೂಟಿಯೊಳಗ ಬಾ, ನೋಡು" ಎಂದಳು. ಸೀರೆ ಝಾಡಿಸಿ ಹರವಿದ ಮೇಲೆ ಇನ್ನೊಂದು ಮಾತು ಹೇಳಿದಳು: "ನಿನಗ ಬ್ಯಾಸರಾದ್ರ ಬಿಡು. ನನ್ನ ಬ್ಯಾಸರಕ್ಕ ನೀ ಬಿಡಬ್ಯಾಡ."

ಮೇ ತಿಂಗಳಲ್ಲಿ ನಾನು ಬಯಲಿಗಿಳಿದೆ. ಅದೇ ಹೊತ್ತಿಗೆ ಅಪ್ಪನ ಕಾರ್ಖಾನೆಯಲ್ಲಿ ಸಂಘಕ್ಕೂ ಮಾಲಕರಿಗೂ ಜಗಳ ಹತ್ತಿ ಲಾಕೌಟ್ ಆಯಿತು. ಗೇಟಿಗೆ ಬೀಗ. ಅಪ್ಪನಿಗೆ ಮನೆಯಲ್ಲಿ ಕೂತು ಗೊತ್ತೇ ಇರಲಿಲ್ಲ. ಅದೇ ಹೊತ್ತಿಗೆ ಏಳುತ್ತಿದ್ದ, ದಾಡಿ ಮಾಡಿಕೊಳ್ಳುತ್ತಿದ್ದ, ಷರ್ಟಿಗೆ ಪೆನ್ನು ಸಿಕ್ಕಿಸಿ, ಬಾಲ್ಕನಿಯಲ್ಲಿ ನಿಲ್ಲುತ್ತಿದ್ದ. ಅವ್ವ ತರಕಾರಿ ತಾ ಎಂದರೆ ಒಂದೇ ಕೆಲಸಕ್ಕೆ ಎರಡು ಸಲ ಹೋಗುತ್ತಿದ್ದ. ಹೀಗೆ ಕೆಲವು ದಿನ ಕಳೆದ ಮೇಲೆ ಬಯಲಿನ ಅಂಚಿನ ಬೇವಿನ ಮರದಡಿ ಬಂದು ಕೂತ. ನಾವು ನೋಡಿಯೂ ನೋಡದಂತಿದ್ದೆವು.

ಲೈಸೆನ್ಸಿನ ಪರೀಕ್ಷೆಗೆ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸಬೇಕಿತ್ತು. ಅತ್ತೆ ನೆಲದ ಮೇಲೆ ಇಟ್ಟಿಗೆಯ ತುಂಡುಗಳನ್ನಿಟ್ಟು ಆ ಎಂಟನ್ನು ಅಭ್ಯಾಸ ಮಾಡಿಸುತ್ತಿದ್ದಳು. ಬಂದವರೆಲ್ಲ ಇಟ್ಟಿಗೆಗೆ ಗುದ್ದಿ ಗುದ್ದಿ ಎಂಟು ಚದುರಿಹೋಗುತ್ತಿತ್ತು. ಒಂದು ಮುಂಜಾನೆ ಅಪ್ಪ ಎದ್ದು ಬಂದ. ಬಗ್ಗಿ ಇಟ್ಟಿಗೆಗಳನ್ನು ಸರಿಯಾಗಿ ಜೋಡಿಸಿದ. ಮತ್ತೆ ಚದುರಿತು, ಮತ್ತೆ ಜೋಡಿಸಿದ. ಮರುದಿನದಿಂದ ಅದು ಅವನದೇ ಕೆಲಸವಾಯಿತು.

ಒಂದು ದಿನ ಬಿಸಿಲೇರಿ ಎಲ್ಲರೂ ಹೋದ ಮೇಲೆ ನಾವು ಮೂವರು ಬೇವಿನಡಿ ಕೂತಿದ್ದೆವು. ಅವ್ವ ಕಳಿಸಿದ ಮಜ್ಜಿಗೆ ಇತ್ತು. ಅಪ್ಪ ಲೋಟ ಕೈಯಲ್ಲಿ ಹಿಡಿದು, ತಂಗಿಯ ಕಡೆ ನೋಡದೆ ಕೇಳಿದ, "ಎಂ.ಎ. ಮಾಡಿದ್ದು ದಂಡ ಆತಲ್ಲ?"

ಎಷ್ಟೋ ತಿಂಗಳ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು ಅದು. ಅತ್ತೆ ಅವನ ಕಡೆ ತಿರುಗಿ ಕೂತಳು.

"ಇಲ್ಲಣ್ಣ. ಆ ಎರಡು ವರ್ಷ ಭಾಳ ಚಂದ ಇದ್ದವು. ಮುಂಜಾನೆ ಗುಡ್ಡಾ ಏರಿ ಹೋಗತಿದ್ವಿ. ಲೈಬ್ರರಿಯೊಳಗ ಕಿಡಕಿ ಹತ್ತರ ಒಂದು ಜಾಗಾ ಇತ್ತು, ಅಲ್ಲೆ ಕೂತು ಓದತಿದ್ದೆ, ಊಟದ ನೆನಪು ಇರತಿದ್ದಿಲ್ಲ. ನೀ ಅದಕ್ಕ ಕೊಟ್ಟಿ ಅಂತ ತಿಳಕೋ. ನೌಕರಿಗಲ್ಲ."

ಅಪ್ಪ ಲೋಟ ಕೆಳಗಿಟ್ಟ. "ಹಂಗಿರತದೇನು" ಎಂದ. "ನನಗ ಗೊತ್ತಾಗಲಿಲ್ಲ ನೋಡು. ನಾ ಹೋಗಿದ್ದಽ ಸ್ವಲ್ಪ ದಿವಸ."

ಅತ್ತೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. ಅಪ್ಪ ತನ್ನ ಮಜ್ಜಿಗೆಯಲ್ಲಿ ಅರ್ಧ ಅವಳ ಲೋಟಕ್ಕೆ ಸುರಿದ. ಆಮೇಲೆ ಅವರು ಧಾರವಾಡದ ಯಾವುದೋ ಮೇಷ್ಟರ ಬಗ್ಗೆ, ಅವರ ಕೋಟಿನ ಬಗ್ಗೆ ಮಾತಾಡಿಕೊಂಡು ನಕ್ಕರು. ನಾನು ಅಲ್ಲಿರುವುದನ್ನೇ ಮರೆತಿದ್ದರು.

ನನ್ನ ವಿಷಯ ಬೇರೆಯಾಯಿತು. ಹಿಂದೆ ಓಡುವುದಕ್ಕೆ ಬೇಕಾದ ತಾಳ್ಮೆ ನನಗಿರಲಿಲ್ಲ. ಅರವತ್ತು ದಾಟಿದ ಒಬ್ಬ ಅಜ್ಜಿ ಬ್ರೇಕು ಹಿಡಿಯುವುದನ್ನು ಮತ್ತೆ ಮತ್ತೆ ಮರೆತಾಗ ಅತ್ತೆ ನಗುತ್ತಿದ್ದಳು, ನಾನು ರೇಗುತ್ತಿದ್ದೆ. ಸೂಟಿ ಮುಗಿಯುತ್ತ ಬಂದಂತೆ ನನಗೆ ಕಾಲೇಜಿನ ಕಟ್ಟೆ, ಗೆಳತಿಯರು, ಒಂದೇ ಕಪ್ ಚಹಾ ಇಬ್ಬರು ಹಂಚಿಕೊಳ್ಳುವುದು, ಅಷ್ಟೇಕೆ, ಲೆಕ್ಕ ತಾಳೆಯಾದಾಗಿನ ಸಣ್ಣ ಸಮಾಧಾನವೂ ನೆನಪಾಗತೊಡಗಿತು. ಜೂನಿನಲ್ಲಿ ಮತ್ತೆ ಕಾಲೇಜಿಗೆ ಹೋದೆ. ಅತ್ತೆ ಏನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಪದವಿ ಮುಗಿಸಿ ವಿಮಾ ಕಚೇರಿಯೊಂದರಲ್ಲಿ ಸೇರಿದೆ, ಅಲ್ಲೇ ಉಳಿದೆ. ಅದು ಸರಿಯಾಯಿತೇ ಎಂದು ಯಾರಾದರೂ ಕೇಳಿದರೆ ನನಗೆ ಒಂದೇ ಉತ್ತರ ಬರುವುದಿಲ್ಲ. ಸೋಮವಾರ ಒಂದು ಹೇಳುತ್ತೇನೆ, ಸಂಬಳದ ದಿನ ಇನ್ನೊಂದು. ಮಧ್ಯಾಹ್ನ ಡಬ್ಬಿ ಬಿಚ್ಚಿ ಐದಾರು ಹೆಂಗಸರು ಸುತ್ತ ಕೂರುವ ಹೊತ್ತಿನಲ್ಲಿ ಕೇಳಿದರೆ, ಇದಕ್ಕಿಂತ ಇನ್ನೇನು ಬೇಕಿತ್ತು ಎಂದೇ ಹೇಳಿಯೇನು.

ಲಾಕೌಟ್ ತೆಗೆದ ಮೇಲೆ ಅಪ್ಪ ಮತ್ತೆ ಭೋಸರಿಯ ಬಸ್ಸು ಹಿಡಿದ. ಅತ್ತೆಯ ಶಾಲೆ ಕೆಲವು ವರ್ಷ ಜೋರಾಗಿ ನಡೆಯಿತು. ಅವ್ವನೂ ಕಲಿತಳು. ಆಮೇಲೆ ಬಯಲಿಗೆ ತಂತಿ ಬೇಲಿ ಬಿತ್ತು, ಬೋರ್ಡು ಬಂತು, ಅಡಿಪಾಯ ತೋಡಿದರು. ದೂರದ ಇನ್ನೊಂದು ಜಾಗ ಹುಡುಕಿದಳು, ಅದೂ ಹೋಯಿತು. ಓಡಿ ಓಡಿ ಮೊಣಕಾಲುಗಳೂ ನೋಯುತ್ತಿದ್ದವು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳು ಒಂದು ಶಿಶುವಿಹಾರದಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದಳು. ಒಮ್ಮೆ ನಾನು ನೇರವಾಗಿಯೇ ಕೇಳಿದೆ, ಆ ನೌಕರಿ ಬಿಟ್ಟದ್ದಕ್ಕೆ ಪಶ್ಚಾತ್ತಾಪ ಇದೆಯೇ ಎಂದು. "ಪೆನ್ಶನ್ ನೆನಪಾಗತದ" ಎಂದಳು. "ನನ್ನ ಎದುರಿಗೆ ಕೂತು ಓದತಿದ್ಲಲ್ಲ, ಆಕಿ ಭಾಳ ನೆನಪಾಗತಾಳ. ಕೆಲಸ ಏನಿತ್ತು ಅಂತ ಮಾತ್ರ ಮರತೇ ಹೋಗೇದ."

ಆ ದಿನಗಳ ಒಂದು ಬೇಸಗೆ. ಪುಣೆಯ ನಡುವೆ ಒಂದು ಅಂಗಳದಲ್ಲಿ ಸಂಜೆ ಸಂಜೆ ಮರಾಠಿಯಲ್ಲಿ ಉಪನ್ಯಾಸಗಳಾಗುತ್ತಿದ್ದವು, ಯಾರು ಬೇಕಾದರೂ ಹೋಗಿ ಕೂರಬಹುದು. ಇತಿಹಾಸದ ವಿಷಯವಿದ್ದ ಒಂದು ಸಂಜೆ ಅತ್ತೆ ಅಪ್ಪನನ್ನು ಎಬ್ಬಿಸಿ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದಳು. ಮರುದಿನ ಅವನೇ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದ. ಕೊನೆಯ ದಿನ ನಾನೂ ಕಚೇರಿಯಿಂದ ನೇರವಾಗಿ ಅಲ್ಲಿಗೆ ಹೋದೆ. ಹಳೆಯ ಶಾಸನಗಳ ಬಗ್ಗೆ ಮಾತು ಮುಗಿದು, ಪ್ರಶ್ನೆಗಳಿದ್ದರೆ ಕೇಳಿ ಎಂದರು. ಮುಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತ. ತನ್ನ ಧಾರವಾಡದ ಮರಾಠಿಯಲ್ಲಿ, ಈ ಕಡೆಯ ಶಾಸನಗಳಲ್ಲಿ ಅಲ್ಲಲ್ಲಿ ಕನ್ನಡ ಇದೆಯಲ್ಲ, ಹಾಗಾದರೆ ಆಗ ಸಂತೆಯಲ್ಲಿ ಉಪ್ಪು ಮಾರುವವನು ಯಾವ ಭಾಷೆ ಮಾತಾಡುತ್ತಿದ್ದ ಎಂದು ಕೇಳಿದ. ಕೆಲವರು ತಿರುಗಿ ನೋಡಿದರು. ಉಪನ್ಯಾಸಕರು ಕನ್ನಡಕ ತೆಗೆದು, ಖುಷಿಯಿಂದ ಬಹಳ ಹೊತ್ತು ಉತ್ತರ ಹೇಳಿದರು. ಅಷ್ಟೂ ಹೊತ್ತು ಅಪ್ಪ ನಿಂತೇ ಇದ್ದ. ಕೂರಬೇಕೆಂದು ಅವನಿಗೆ ಹೊಳೆಯಲಿಲ್ಲ. ಅತ್ತೆ ಅವನ ಷರ್ಟಿನ ತುದಿ ಹಿಡಿದು ಮೆಲ್ಲನೆ ಎಳೆದಾಗಲೇ ಕೂತದ್ದು.

ಮನೆಗೆ ಬಂದಾಗ ಅವ್ವ ಜೋಳದ ಭಕ್ರಿ ಬಡಿಯುತ್ತಿದ್ದಳು. "ಹೆಂಗಾತು?" ಎಂದು ಕೇಳಿದಳು.

"ಛೊಲೊ ಆತು" ಎಂದು ಅಪ್ಪ ಕೈಕಾಲು ತೊಳೆಯಲು ಹೋದ.

"ವೈನಿ, ಅಣ್ಣ ಪ್ರಶ್ನಾ ಕೇಳಿದಾ!" ಎಂದು ಅತ್ತೆ ಬಾಗಿಲಲ್ಲೇ ನಿಂತು ಶುರುಮಾಡಿದಳು. ಅವ್ವ ತವೆಯ ಉರಿ ಸಣ್ಣ ಮಾಡಿ ಕೇಳಲು ಕೂತಳು.