ನಾನು ಡೆಬಿಯನ್ನಿಗೆ ಬಂದದ್ದು

ಕಣ್ಣಿನ ಒತ್ತಡ ಏರಿ ನನ್ನ ದೃಷ್ಟಿ ಪೂರ್ತಿ ಹೋದಾಗ ನಾನು ಮೂಡಲಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಈಗಲೂ ಕಲಿಸುತ್ತೇನೆ. ಗೋಕಾಕದ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು ಗದ್ದಲ ಮಾಡುತ್ತ ಇಳಿದ ಮೇಲೆ ಒಂದಿಷ್ಟು ನಿದ್ದೆ ಮಾಡುತ್ತೇನೆ.

ಪಾಠದ ಟಿಪ್ಪಣಿಗಳೆಲ್ಲ ಲ್ಯಾಪ್‌ಟಾಪಿನಲ್ಲಿವೆ. ಪರದೆಯ ಮೇಲಿನದನ್ನು ಅದು ಗಟ್ಟಿಯಾಗಿ ಓದುತ್ತದೆ, ನಾನು ಕೇಳಿಕೊಳ್ಳುತ್ತೇನೆ. ಕನ್ನಡವನ್ನು ಮೂಗಿನಲ್ಲಿ, ಅವಸರವಸರವಾಗಿ ಓದುವ ಧ್ವನಿ. ಮೊದಮೊದಲು ನನ್ನ ಹೆಂಡತಿ ನಗುತ್ತಿದ್ದಳು.

ಲ್ಯಾಪ್‌ಟಾಪಿಗೆ ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವರು ನಮ್ಮ ಕಾಲೇಜಿನ ಕಂಪ್ಯೂಟರ್ ಮಾಸ್ತರರು. ಹುಕ್ಕೇರಿಯವರು, ನನಗಿಂತ ಚಿಕ್ಕವರು, ತುಂಬ ಒಳ್ಳೆಯವರು. ಲಿನಕ್ಸ್ ಎಂದರೆ ಒಂದೇ ಅಲ್ಲವಂತೆ. ಬೇರೆ ಬೇರೆ ತಂಡದವರು ಅದನ್ನು ತಮತಮಗೆ ತಿಳಿದ ಹಾಗೆ ಕಟ್ಟಿಕೊಡುತ್ತಾರೆ. ಹೊಸದೊಂದು ಬಂದರೆ ಮಾಸ್ತರರಿಗೆ ಹಿಗ್ಗು.

“ಸರ್, ಹೊಸಾದು ಬಂದೈತ್ರಿ. ಭಾಳ ಚಲೋ ಐತಿ. ಹಾಕಿಬಿಡೂಣೇನ್ರಿ?”

ಬೇಡ ಎನ್ನಲು ನನಗೆ ಸಂಕೋಚ. ಹಾಕಿದ ಮೇಲೆ ಸ್ವಲ್ಪ ಕಾಲ ಸರಿಯಿರುತ್ತಿತ್ತು. ಆಮೇಲೆ ಯಾವುದೋ ಅಪ್‌ಡೇಟ್ ಬರುತ್ತಿತ್ತು, ಧ್ವನಿ ಹೋಗಿಬಿಡುತ್ತಿತ್ತು.

ಪರೀಕ್ಷೆ ಹತ್ತಿರವಿದ್ದ ಒಂದು ಬೆಳಿಗ್ಗೆ ಹಾಗೇ ಆಯಿತು. ಗುಂಡಿ ಒತ್ತಿ ಕಾದೆ. ಒಳಗಿನ ಫ್ಯಾನು ತಿರುಗುವ ಸದ್ದು ಬಿಟ್ಟರೆ ಏನೂ ಇಲ್ಲ. ಹೆಂಡತಿಯನ್ನು ಕರೆದೆ.

“ಎಲ್ಲಾ ಬಂದೈತಲ್ರಿ. ಬಣ್ಣಾನೂ ಬದಲಾಗೈತಿ, ಛಂದ ಕಾಣತೈತಿ,” ಎಂದಳು. ಆಮೇಲೆ ತಡೆದು, “ನಿಮಗ ಏನೂ ಕೇಳವಲ್ದೇನ್ರಿ?”

“ಕೇಳವಲ್ದು.”

ಆ ದಿನ ನೆನಪಿನಿಂದಲೇ ಪಾಠ ಮಾಡಿದೆ. ಎರಡು ಯುದ್ಧಗಳನ್ನು ಅದಲುಬದಲು ಮಾಡಿದೆನೆಂದು ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ಹೇಳಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ರವಿವಾರ ಮಾಸ್ತರರು ಹುಕ್ಕೇರಿಯಿಂದ ಬಸ್ ಹಿಡಿದು ಬಂದು ಸರಿಮಾಡಿದರು. ಹಿಂದೆಯೂ ಎಷ್ಟೋ ರವಿವಾರ ಬಂದಿದ್ದರು, ಒಮ್ಮೆಯೂ ಗೊಣಗಿದವರಲ್ಲ. ಆದರೆ ಪ್ರತಿ ಸಲ ಫೋನಿನಲ್ಲಿ ದನಿ ಸಣ್ಣದು ಮಾಡಿಕೊಂಡು “ಸ್ವಲ್ಪ ಬರ್ತೀರೇನ್ರಿ” ಎಂದು ಕೇಳಿ ಕೇಳಿ ನನಗೆ ಸಾಕಾಗಿತ್ತು.

ನನ್ನಂತೆಯೇ ಕಣ್ಣಿಲ್ಲದ ಗೆಳೆಯನೊಬ್ಬ ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಬಗ್ಗೆ ಹೇಳಿದ. ಅದು ಬೇಗ ಬದಲಾಗುವುದಿಲ್ಲ. ಹೊಸ ಆವೃತ್ತಿ ಬರುವುದು ಎರಡು ವರ್ಷಕ್ಕೊಮ್ಮೆ. ಹಾಕುವಾಗಲೇ ಮಾತಾಡುತ್ತದೆ, ಆದ್ದರಿಂದ ನಾವೇ ಹಾಕಿಕೊಳ್ಳಬಹುದು.

ಮಾಸ್ತರರಿಗೆ ಹೇಳಿದೆ. “ಅದರಾಗ ಎಲ್ಲಾ ಹಳೇದ ಇರತೈತ್ರಿ, ಸರ್,” ಎಂದರು.

“ನನಗ ಹಳೇದ ಬೇಕ್ರಿ.”

ಅವರು ಪೆನ್‌ಡ್ರೈವ್ ಸಿದ್ಧಮಾಡಿ ತಂದರು. ಮುಟ್ಟದೆ ಪಕ್ಕದಲ್ಲಿ ಕುಳಿತಿರಿ ಎಂದು ಕೇಳಿಕೊಂಡೆ. ಯಂತ್ರ ಒಮ್ಮೆ ಕುಯ್ ಎಂದಿತು. ಗೆಳೆಯ ಹೇಳಿದಂತೆ ಎಸ್ ಒತ್ತಿ, ಎಂಟರ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಒಂದು ಒಣ ಇಂಗ್ಲಿಷ್ ಧ್ವನಿ ಒಂದೊಂದೇ ಪ್ರಶ್ನೆ ಕೇಳತೊಡಗಿತು. ನಾನು ಉತ್ತರ ಕೊಡುತ್ತ ಹೋದೆ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದಾಗ ಕೈ ನಿಂತಿತು. ಟಿಪ್ಪಣಿಗಳ ಪ್ರತಿ ಬೇರೆ ಕಡೆ ತೆಗೆದಿಟ್ಟಿದ್ದರೂ ಭಯ.

“ಅಳಸ್ಲೇನ್ರಿ?”

“ಅದನ್ನ ನೀವ ಹೇಳ್ಬೇಕ್ರಿ, ಸರ್.”

ಒತ್ತಿದೆ.

ಎಲ್ಲ ಮುಗಿದು ಯಂತ್ರ ಮತ್ತೆ ಶುರುವಾಗಿ ಮಾತಾಡಿದಾಗ ಸಂತೋಷಕ್ಕಿಂತ ಸುಸ್ತೇ ಹೆಚ್ಚಾಗಿತ್ತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. “ನನ್ನ ಕೆಲಸಾ ಕಸಕೊಂಡ್ರಿ ನೋಡ್ರಿ,” ಎಂದು ಮಾಸ್ತರರು ನಕ್ಕರು. ಆ ನಗೆಯಲ್ಲಿ ನಗೆ ಎಷ್ಟಿತ್ತೆಂದು ನನಗೆ ತಿಳಿಯಲಿಲ್ಲ.

ಈಚೆಗೆ ಹೊಸ ಆವೃತ್ತಿ ಬಂತು. ತಿಂಗಳುಗಟ್ಟಲೆ ಮುಂದೂಡಿ, ದಸರಾ ರಜೆಯಲ್ಲಿ ಒಬ್ಬನೇ ಕೂತು ಹಾಕಿಕೊಂಡೆ. ಧ್ವನಿ ಹೋಗಲಿಲ್ಲ. ಬೇರೆಯವು ಇದಕ್ಕಿಂತ ಚುರುಕು, ಚೆಲುವು ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ಇರಬಹುದು. ಬೆಳಿಗ್ಗೆ ಎದ್ದು ಇನ್ನೊಂದು ಹೊಸದನ್ನು ಕಲಿಯುವ ತ್ರಾಣ ನನಗಿಲ್ಲ.

ಮಾಸ್ತರರು ಮನೆಗೆ ಬರುವುದು ಮಾತ್ರ ನಿಂತುಹೋಯಿತು. ಬರಲು ಕಾರಣವೇ ಉಳಿದಿರಲಿಲ್ಲ. ಕಳೆದ ತಿಂಗಳು ನಾನೇ ಫೋನ್ ಮಾಡಿ, “ಕೆಲಸ ಏನೂ ಇಲ್ರಿ, ಸುಮ್ನ ಊಟಕ್ಕ ಬರ್ರಿ,” ಎಂದೆ. ಬಂದರು. ಹಿಡಕಲ್ ಜಲಾಶಯದ ನೀರು, ಅವರ ತಾಯಿಯ ಮೊಣಕಾಲು ನೋವು, ಇವೇ ಮಾತು. ಸಂಜೆಯ ಬಸ್ಸಿಗೆ ಹೋದರು.